ಸೂಜಿಗೆ ಅಂಜುವವನು ಪುಣೆಗೆ ಹೋದದ್ದು

ಭೀಮೆಯ ಆಚೆ

ಪ್ರವಾಸದ ಕಥೆ ಬರೆಯುವವರು ಸಾಮಾನ್ಯವಾಗಿ ಸಮುದ್ರ ದಾಟಿರುತ್ತಾರೆ. ನಾನು ದಾಟಿದ್ದು ಭೀಮಾ ನದಿಯನ್ನು ಮಾತ್ರ. ವಿಜಯಪುರದಲ್ಲಿ ರೈಲು ಹತ್ತಿ, ಸೊಲ್ಲಾಪುರ ಹಾಯ್ದು, ಪುಣೆಯಲ್ಲಿ ಇಳಿದೆ. ಪಾಸ್‌ಪೋರ್ಟ್ ಬೇಕಾಗಲಿಲ್ಲ. ಆದರೂ ಇಪ್ಪತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದ ನಾನು ಇದಕ್ಕಿಂತ ದೂರದ ಪ್ರಯಾಣ ಮಾಡಿಲ್ಲ ಎಂದೇ ಈಗಲೂ ಅನ್ನಿಸುತ್ತದೆ.

ಹೊರಟದ್ದು ಅಕ್ಕನಿಗಾಗಿ. ಶಾರದಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಮದುವೆಯಾದಾಗಿನಿಂದ ಪುಣೆಯ ಕೋಥರೂಡದಲ್ಲಿದ್ದಾಳೆ. ಭಾವ ಖಡಕಿಯಲ್ಲಿ ಸರ್ಕಾರಿ ಕಾರ್ಖಾನೆಯ ನೌಕರ. ಅಕ್ಕನ ಗರ್ಭಕೋಶದಲ್ಲಿ ಗಡ್ಡೆ ಬೆಳೆದು, ರಕ್ತ ಬಹಳ ಹೋಗಿ, ಮೇ ತಿಂಗಳ ಕೊನೆಗೆ ಆಪರೇಷನ್ ಎಂದು ನಿಶ್ಚಯವಾಗಿತ್ತು. ನನಗೆ ಬೇಸಿಗೆ ರಜೆ. ಹೋಗದಿರಲು ನೆಪವಿರಲಿಲ್ಲ. ಆದರೆ ಹೋಗಲು ಕಾಲೂ ಏಳುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಅಕ್ಕನಿಗೆ ಸ್ಕೂಟರ್ ಬಡಿದು ತೊಡೆಯ ಎಲುಬು ಮುರಿದಾಗ ಆಸ್ಪತ್ರೆಯವರು ಮನೆಯವರ ರಕ್ತ ಕೇಳಿದ್ದರು. ನಾನು ಪುಣೆಗೆ ಓಡಿ ಬಂದಿದ್ದೆ. ರಕ್ತನಿಧಿಯ ಬಾಗಿಲಿನವರೆಗೆ ಹೋದೆ. ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು, ಕಣ್ಣಿಗೆ ಕತ್ತಲೆ ಬಂತು. ಗೋಡೆ ಹಿಡಿದು ಹಿಂದಕ್ಕೆ ಸರಿದು, ಮೆಟ್ಟಿಲು ಇಳಿದು, ರಸ್ತೆಯಾಚೆ ಹೋಗಿ ಕೂತುಬಿಟ್ಟೆ. ಭಾವನಿಗೆ ಹೇಳಿದ್ದು ಇಷ್ಟು: "ನನಗ ಸಣ್ಣಾಂವ ಇದ್ದಾಗ ಕಾಮಾಲೆ ಆಗಿತ್ತಂತ್ರಿ, ನನ್ನ ರಕ್ತ ನಡ್ಯಾಂಗಿಲ್ಲ ಅಂದ್ರು." ಅದು ಹಸಿ ಸುಳ್ಳು. ಅವತ್ತು ಯಾರೋ ಅಪರಿಚಿತರು ಬಂದು ರಕ್ತ ಕೊಟ್ಟು ಹೋದರು. ಅಕ್ಕ ಉಳಿದಳು. ಸುಳ್ಳೂ ಉಳಿಯಿತು.

ಕೋಥರೂಡ

ಮನೆಯ ಬಾಗಿಲು ತೆರೆದ ಅಕ್ಕನ ಮುಖ ಸುಣ್ಣದ ಹಾಗೆ ಬಿಳಚಿಕೊಂಡಿತ್ತು. ದನಿ ಮಾತ್ರ ಹಳೆಯದೇ. "ಬಾರೋ ಸುರ್ಯಾ. ಎಷ್ಟ ಸೊರಗೀದಿ! ಆಪರೇಷನ್ ನನಗೋ ನಿನಗೋ?"

ಅವಳ ಹೌಸಿಂಗ್ ಸೊಸೈಟಿಯ ಮೂರನೆಯ ಮಹಡಿಯ ಗ್ಯಾಲರಿಯಲ್ಲಿ ನಿಂತು ನೋಡಿದರೆ ಬೆಳಗಿನ ರಸ್ತೆ ಒಂದು ತರಗತಿಯ ಹಾಗೆ ಕಾಣುತ್ತಿತ್ತು. ಹೆಂಗಸರು ಮುಖಕ್ಕೆ ಓಢಣಿ ಸುತ್ತಿ ಕಣ್ಣಷ್ಟೇ ಬಿಟ್ಟುಕೊಂಡು ಸ್ಕೂಟರ್ ಓಡಿಸುತ್ತಾರೆ. ಅರವತ್ತರ ಅಜ್ಜಿಯರೂ ಹಿಂದೆ ಗಂಡನನ್ನು ಕೂಡ್ರಿಸಿಕೊಂಡು ಹೋಗುತ್ತಾರೆ. ನಮ್ಮೂರಲ್ಲಿ ಗಂಡ ಹಿಂದೆ ಕೂತರೆ ಓಣಿಯೆಲ್ಲ ಸುದ್ದಿ. ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಬಸ್ಸಿನಲ್ಲಿ ನಾನು ತಪ್ಪು ಸ್ಟಾಪು ಕೇಳಿದರೆ ನಾಲ್ಕು ಜನ ನಾಲ್ಕು ಕಡೆಯಿಂದ ತಿದ್ದುತ್ತಿದ್ದರು. ತಿದ್ದುವಾಗ ನಗುವುದಿಲ್ಲ, ಗಂಭೀರವಾಗಿ ಪಾಠ ಒಪ್ಪಿಸುತ್ತಾರೆ. ಮೇಷ್ಟ್ರಾದ ನನಗೆ ಈ ಊರು ಈ ಸಲ ಮೊದಲ ದಿನವೇ ಹಿಡಿಸಿತು.

ಭಾನುವಾರ ಭಾವ ಮಿಸಳ್ ತಿನ್ನಿಸಲು ಕರೆದುಕೊಂಡು ಹೋದರು. ಮೊಳಕೆ ಕಾಳಿನ ಪಲ್ಯ, ಮೇಲೆ ಖಾರಾಸೇವು, ಅದರ ಮೇಲೆ ಎಣ್ಣೆ ತೇಲುವ ಕೆಂಪು ಸಾರು. ಅರ್ಧ ತಿಂದಿದ್ದೆ. ಬಡಿಸುವವನು ಒಂದು ಸ್ಟೀಲಿನ ಜಗ್ಗು ಹಿಡಿದು ಹತ್ತಿರ ಬಂದು ಕೇಳಿದ: "ಸ್ಯಾಂಪಲ್?"

ಜಗ್ಗಿನೊಳಗೆ ಕಡು ಕೆಂಪು. ಕಿವಿಯಲ್ಲಿ ಆ ಶಬ್ದ. ನನ್ನ ಕೈ ತಣ್ಣಗಾಯಿತು, ಹಣೆಯಲ್ಲಿ ಬೆವರು ಒಡೆಯಿತು. "ಬ್ಯಾಡ, ಬ್ಯಾಡ!" ಎಂದು ಕೂಗಿದೆ.

ದುಡ್ಡಿನ ಗಲ್ಲೆಯಲ್ಲಿ ಕೂತಿದ್ದ ಮಾಲೀಕರು ಎದ್ದೇ ಬಂದರು. "ಬ್ಯಾಡ್? ಕಾಯ್ ಬ್ಯಾಡ್ ಆಹೆ?" ಅವರ ಮಿಸಳಿಗೆ ನಾನು ಇಂಗ್ಲಿಷಿನಲ್ಲಿ ಕೆಟ್ಟ ಮಾರ್ಕು ಕೊಟ್ಟೆ ಎಂದು ತಿಳಿದಿದ್ದರು. ಭಾವ ನಗು ತಡೆದುಕೊಂಡು, ಮರಾಠಿಯಲ್ಲಿ ಸಮಾಧಾನ ಹೇಳಿ, ನನಗೆ ತಿಳಿಸಿದರು: "ಏ ಮಾರಾಯಾ, ಇಲ್ಲಿ ಮ್ಯಾಲೆ ಹಾಕೋ ಸಾರಿಗೆ ಸ್ಯಾಂಪಲ್ ಅಂತಾರ. ನಿನ್ನ ರಕ್ತ ಯಾರ ಕೇಳ್ಯಾರ?"

ಮಾಲೀಕರು ಮಾತ್ರ ನಾನು ತಾಟು ಖಾಲಿ ಮಾಡುವವರೆಗೂ ಪಕ್ಕದಲ್ಲೇ ನಿಂತಿದ್ದರು.

ಮೃಣಾಲ್ ಮ್ಯಾಡಮ್ ಅವರ ಕೋಣೆ

"ನಾಳೆ ಹನ್ನೊಂದಕ್ಕ ಒಬ್ಬಾಕಿ ಮ್ಯಾಡಮ್ ಕಡೆ ಹೋಗೂದದ" ಎಂದಳು ಅಕ್ಕ. ಮನಸ್ಸಿನ ತೊಂದರೆಗಳಿಗೆ ಚಿಕಿತ್ಸೆ ಕೊಡುವವರಂತೆ. ಆಪರೇಷನ್ನಿನ ಅಂಜಿಕೆ ಇರಬೇಕು, ಪಾಪ ಎಂದುಕೊಂಡೆ. ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು ಅವಳಿಗೆ ಧೈರ್ಯವನ್ನೂ ಹೇಳಿದೆ. ಒಳಗಿನಿಂದ ಹೆಸರು ಕೂಗಿದರು. ಅದು ನನ್ನ ಹೆಸರು.

ನಾನು ಅಕ್ಕನ ಮುಖ ನೋಡಿದೆ. ಅಕ್ಕ ತನ್ನ ಸೆರಗಿನ ಅಂಚು ನೋಡುತ್ತಿದ್ದಳು.

"ನಿನಗ ಕಾಮಾಲೆ ಆಗಿರಲಿಲ್ಲೋ. ಅವ್ವ ಹೊಲಕ್ಕ ಹೋದ್ರ ನಿನ್ನ ಬೆಳೆಸಿದಾಕಿ ನಾನು. ನನಗ ಗೊತ್ತಿರಾಂಗಿಲ್ಲೇನು?"

"ಮೂರು ವರ್ಷದಿಂದ ಗೊತ್ತಿತ್ತಾ?"

"ಅವತ್ತs ಗೊತ್ತಿತ್ತು. ನಿನ್ನ ಮ್ಯಾಲೆ ಸಿಟ್ಟು ಮಾಡಾಕ ಇದನ್ನ ಹೇಳಾಕತ್ತಿಲ್ಲ. ನಾಳೆ ನಿನಗs ಏನರೆ ಆದ್ರ ಸೂಜಿಗೆ ಅಂಜಿ ಹಂಗs ಸಾಯ್ತಿ ಅಂತ ಅಂಜಿಕಿ ನನಗ. ನಡಿ ಒಳಗ."

ಮೃಣಾಲ್ ಮ್ಯಾಡಮ್ ನಲವತ್ತರ ಆಸುಪಾಸಿನ ಮರಾಠಿ ಹೆಂಗಸು. ಹತ್ತಿ ಸೀರೆ, ದಪ್ಪ ಕನ್ನಡಕ. ನನ್ನ ಮರಾಠಿ ಎರಡು ನಿಮಿಷಕ್ಕೆ ಮುಗಿದದ್ದರಿಂದ ಹಿಂದಿಯಲ್ಲಿ ಮಾತಾಡಿದೆವು. ಅವರ ಮಾತನ್ನು ನಮ್ಮ ಮಾತಿಗೆ ತಂದು ಬರೆಯುತ್ತಿದ್ದೇನೆ.

"ನಿಮ್ಮ ಮನೆಯಲ್ಲಿ ರಕ್ತ ಕಂಡು ಇನ್ಯಾರು ಬೀಳ್ತಾರೆ?" ಎಂಬುದು ಅವರ ಮೊದಲ ಪ್ರಶ್ನೆ.

ನಾನು ಅಪ್ಪನ ಬಗ್ಗೆ ಹೇಳಿದೆ. ಅಪ್ಪ ದರ್ಜಿ. ಜೀವನವೆಲ್ಲ ಸೂಜಿ ಹಿಡಿದವನು. ಆದರೆ ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಕಂಡರೆ ಮಷಿನ್ನಿನ ಮೇಲೆಯೇ ತಲೆ ಇಡುತ್ತಿದ್ದ. ಅಜ್ಜಿಯೂ ಹಾಗೆಯೇ. ಮನೆಯವರು ಪಿತ್ತ ಎನ್ನುತ್ತಿದ್ದರು.

"ಮೊದಲ ಸಲ ನೀವು ಬಿದ್ದದ್ದು?"

ಮೂರನೆಯ ಇಯತ್ತೆ. ಶಾಲೆಯಲ್ಲಿ ಚುಚ್ಚುಮದ್ದಿನ ಸಾಲು. ಮುಂದಿದ್ದ ಹುಡುಗ ಅತ್ತು ಕೈ ಎಳೆದುಕೊಂಡಾಗ ಅವನ ತೋಳಿನಿಂದ ರಕ್ತದ ಗೆರೆ ಇಳಿಯಿತು. ನಾನು ಅಲ್ಲೇ ಬಿದ್ದೆ. ಗದ್ದ ಕಲ್ಲಿನ ಮೆಟ್ಟಿಲಿಗೆ ಬಡಿದು ಸೀಳಿತು. ಎದ್ದಾಗ ಅಂಗಿಯ ತುಂಬ ನನ್ನದೇ ರಕ್ತ, ಸುತ್ತಲೂ ಇಡೀ ಶಾಲೆಯ ನಗು.

"ಆಮೇಲೆ?"

ಆಮೇಲೆ ಏನಿಲ್ಲ. ಇನ್ನೊಂದು ಸಲ ಬೀಳದ ಹಾಗೆ ಬದುಕಿದೆ. ಯಾರಿಗಾದರೂ ಗಾಯವಾದರೆ ಅವ್ವ ನನ್ನ ಕಣ್ಣು ಮುಚ್ಚುತ್ತಿದ್ದಳು. ದೊಡ್ಡವನಾದ ಮೇಲೆ ನಾನೇ ಮುಚ್ಚಿಕೊಂಡೆ. ಹಲ್ಲು ನೋಯುತ್ತಿದ್ದರೂ ಮೂರು ವರ್ಷ ಲವಂಗ ಕಚ್ಚಿ ಕಳೆದೆ. ಹೆಂಡತಿಯ ಹೆರಿಗೆಯ ಹೊತ್ತಿಗೆ ಆಸ್ಪತ್ರೆಯ ಗೇಟಿನ ಹೊರಗೆ ನಿಂತಿದ್ದೆ. ಮಿಸಳ್ ಅಂಗಡಿಯ ಕಥೆಯನ್ನೂ ಹೇಳಿದೆ. ಮ್ಯಾಡಮ್ ಮನಸಾರೆ ನಕ್ಕರು. ಇಷ್ಟು ವರ್ಷದಲ್ಲಿ ಈ ವಿಷಯಕ್ಕೆ ಯಾರಾದರೂ ನಕ್ಕಾಗ ನನಗೆ ನೋವಾಗದೇ ಇದ್ದದ್ದು ಅದೇ ಮೊದಲು.

"ನೋಡಿ," ಎಂದರು, "ಹಾವು ಕಂಡರೆ, ಎತ್ತರ ಕಂಡರೆ ಅಂಜುವವರಿಗೆ ಎದೆ ಹೊಡೆದುಕೊಳ್ಳುತ್ತೆ, ಬಿಪಿ ಏರುತ್ತೆ. ಅವರು ಬೀಳೋದು ಅಪರೂಪ. ರಕ್ತದ ಅಂಜಿಕೆ ಬೇರೆ. ಬಿಪಿ ಮೊದಲು ಏರಿ ಆಮೇಲೆ ಥಟ್ಟನೆ ಇಳಿಯುತ್ತೆ. ಮಿದುಳಿಗೆ ರಕ್ತ ಸಾಲದೆ ನೀವು ಬೀಳ್ತೀರಿ. ಈ ಗುಣ ಎಷ್ಟೋ ಮನೆತನಗಳಲ್ಲಿ ಇಳಿದು ಬರುತ್ತೆ. ಇದು ಪುಕ್ಕಲುತನ ಅಲ್ಲ, ನಿಮ್ಮ ಅಪ್ಪನ ಮೂಗು ನಿಮಗೆ ಬಂದ ಹಾಗೆ."

ನಲವತ್ತಾರು ವರ್ಷದ ನನ್ನ ಕಣ್ಣಲ್ಲಿ ನೀರು ಬಂತು. ಯಾವ ಮಾತಿಗೆ ಎಂದು ಕೇಳಿದರೆ ಈಗಲೂ ಹೇಳಲಾರೆ. ಬಹುಶಃ ಮೂಗಿನ ಮಾತಿಗೆ.

"ಆದರೆ ಆ ಗುಣ ಇದ್ದವರೆಲ್ಲ ನಿಮ್ಮಂತೆ ಆಗೋದಿಲ್ಲ. ನಿಮಗೆ ಆ ಮೆಟ್ಟಿಲು ಸಿಕ್ಕಿತು, ಆ ನಗು ಸಿಕ್ಕಿತು. ಅದಾದ ಮೇಲೆ ಪ್ರತಿ ಸಲ ಓಡಿದಿರಿ. ಓಡಿದ ಕೂಡಲೇ ಜೀವಕ್ಕೆ ಹಾಯ್ ಅನ್ನಿಸ್ತಲ್ಲ? ಆ ಹಾಯ್ ನಿಮ್ಮ ಮೈಗೆ ಕಲಿಸಿತು: ಓಡಿದ್ದಕ್ಕೇ ಉಳಿದೆ ಅಂತ. ಮೂವತ್ತೆಂಟು ವರ್ಷ ಅದೇ ಪಾಠ. ಈಗ ಸೂಜಿಯೂ ಬೇಡ, ಸ್ಯಾಂಪಲ್ ಅಂದರೆ ಸಾಕು."

ಭೂಗೋಳದ ಮೇಷ್ಟ್ರಿಗೆ ಇದು ಬೇರೆ ರೀತಿಯಲ್ಲಿ ಅರ್ಥವಾಯಿತು. ನೆಲದ ಇಳಿಜಾರು ಮೊದಲೇ ಇತ್ತು. ಒಂದು ದಿನ ದೊಡ್ಡ ಮಳೆ ಬಿತ್ತು. ನೀರು ಹರಿದ ದಾರಿಯಲ್ಲೇ ಮತ್ತೆ ಮತ್ತೆ ಹರಿದು ಹಳ್ಳವಾಯಿತು. ಯಾವುದು ಹಳ್ಳ ಮಾಡಿತು ಎಂದು ಕೇಳಿದರೆ ಮೂರೂ ಎನ್ನಬೇಕು. ಹಾಗೆಂದಾಗ ಮ್ಯಾಡಮ್ ತಮ್ಮ ವಹಿಯಲ್ಲಿ ಬರೆದುಕೊಂಡು, "ಮುಂದಿನವರಿಗೆ ಹೇಳ್ತೀನಿ" ಎಂದರು. "ಇಳಿಜಾರು ನನ್ನ ಕೈಲಿಲ್ಲ. ಬಿದ್ದ ಮಳೆಯೂ ಇಲ್ಲ. ಹಳ್ಳ ಮಾತ್ರ ತಿರುಗಿಸಬಹುದು."

ತಿರುಗಿಸುವ ರೀತಿ ಕೇಳಿ ನಾನು ಬೆರಗಾದೆ. ಇಷ್ಟು ದಿನ ಎಲ್ಲರೂ ನನಗೆ ಹೇಳಿದ್ದು, ಶಾಂತವಾಗು, ಮೈ ಸಡಿಲ ಬಿಡು, ಉದ್ದ ಉಸಿರು ತಗೋ. ಅದು ನನ್ನಂಥವನಿಗೆ ಉಲ್ಟಾ ಮದ್ದಂತೆ! ಮೈ ಸಡಿಲಾದಷ್ಟು ಬಿಪಿ ಇನ್ನೂ ಇಳಿಯುತ್ತದೆ. ನಾನು ಮಾಡಬೇಕಾದದ್ದು ತೊಡೆ, ಹೊಟ್ಟೆ, ತೋಳು ಎಲ್ಲ ಬಿಗಿ ಹಿಡಿದು, ಮುಖ ಬೆಚ್ಚಗಾಗುವವರೆಗೆ ಹಾಗೇ ಇರುವುದು. ಹದಿನೈದು ಎಣಿಸಿದರೆ ಸಾಕು. ಆಮೇಲೆ ಸ್ವಲ್ಪ ಬಿಡುವುದು, ಮತ್ತೆ ಬಿಗಿಯುವುದು. ಅದನ್ನು ಕಲಿತ ಮೇಲೆ ಚಿತ್ರ, ಆಮೇಲೆ ನಿಜವಾದ ಸೂಜಿ, ಓಡದೆ.

ಅವತ್ತು ಸಂಜೆಯಿಂದ ಕೋಥರೂಡದ ಬಸ್ಸುಗಳಲ್ಲಿ ಮುಖ ಕೆಂಪಗೆ ಮಾಡಿಕೊಂಡು ಮುಷ್ಟಿ ಬಿಗಿದು ಕೂತ ಒಬ್ಬ ಗಂಡಸನ್ನು ಕಂಡು ಜನ ಏನೆಂದುಕೊಂಡರೋ. ಒಬ್ಬ ಹೆಂಗಸು ಎದ್ದು ಬೇರೆ ಸೀಟಿಗೆ ಹೋದದ್ದು ಮಾತ್ರ ನೆನಪಿದೆ.

ಆರನೆಯ ದಿನ, ಲ್ಯಾಬಿನ ನೆಲ

ಎರಡನೆಯ ಭೇಟಿಯಲ್ಲಿ ಗಾಯದ ಚಿತ್ರಗಳನ್ನು ಬೀಳದೆ ನೋಡಿದೆ. ಅದರಿಂದ ಸೊಕ್ಕು ಬಂತು. ಮ್ಯಾಡಮ್‌ಗೂ ಹೇಳದೆ, ಅಕ್ಕನಿಗೂ ಹೇಳದೆ, ಓಣಿಯ ತುದಿಯ ಲ್ಯಾಬಿಗೆ ಶುಗರ್ ತಪಾಸಣೆಗೆಂದು ಹೋದೆ. ಗೆದ್ದು ಬಂದು ಎಲ್ಲರನ್ನೂ ಚಕಿತಗೊಳಿಸಬೇಕೆಂದಿತ್ತು.

ರಕ್ತ ತೆಗೆಯುವವನು ಒಳ್ಳೆಯ ಮನುಷ್ಯ. ನನ್ನ ಮುಖ ನೋಡಿ, "ಕಾಕಾ, ಸಾವಕಾಶ ಶ್ವಾಸ ಘ್ಯಾ, ರಿಲ್ಯಾಕ್ಸ್" ಎಂದ. ಹೇಳಿದ ಮಾತು ಕೇಳುವುದು ನನ್ನ ಹುಟ್ಟುಗುಣ. ಉದ್ದ ಉಸಿರು ತೆಗೆದುಕೊಂಡೆ, ಮೈ ಸಡಿಲ ಬಿಟ್ಟೆ.

ಕಣ್ಣು ತೆರೆದಾಗ ನೆಲದ ಮೇಲಿದ್ದೆ. "ಪಡಲೇ, ಪಡಲೇ" ಎಂದು ಯಾರೋ ಕೂಗುತ್ತಿದ್ದರು, ಬಿದ್ದರು ಎಂದು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ತನ್ನ ಕಾಯಿಪಲ್ಯದ ಚೀಲವನ್ನು ನನ್ನ ಕಾಲ ಕೆಳಗೆ ಇಟ್ಟು, ಕಾಲು ಮೇಲೆ ಇರಲಿ ಎಂದು ಎಲ್ಲರಿಗೂ ಆಜ್ಞೆ ಕೊಡುತ್ತಿದ್ದರು. ನನ್ನ ಹಿಮ್ಮಡಿಯ ಕೆಳಗೆ ಸೋರೆಕಾಯಿ ಇತ್ತು. ನಾನು ಎದ್ದು ಕೂತ ಮೇಲೆ ಆಕೆ ನಮ್ಮ ಮನೆಯವರ ಹಾಗೆ ಬೈದರು. ಒಬ್ಬನೇ ಯಾಕೆ ಬಂದೆ, ಬೆಳಗ್ಗೆ ಏನು ತಿಂದೆ ಎಂದೆಲ್ಲ. ಆಮೇಲೆ ಸೊಸೈಟಿಯ ಗೇಟಿನವರೆಗೂ ಜೊತೆಗೆ ನಡೆದು ಬಂದು, ಹೆಸರೂ ಹೇಳದೆ, ಸೋರೆಕಾಯಿ ಸಮೇತ ಹೊರಟುಹೋದರು.

ಅಕ್ಕನ ಅಡಿಗೆಮನೆ

ಅದೇ ದಿನ ಮಧ್ಯಾಹ್ನ ಊರಿಗೆ ಹೋಗಲು ಬ್ಯಾಗು ತುಂಬಲು ಶುರುಮಾಡಿದೆ. ಆಪರೇಷನ್ನಿಗೆ ಇನ್ನೂ ಹತ್ತು ದಿನವಿತ್ತು. ಆ ಹೊತ್ತಿಗೆ ಮರಳಿ ಬರುತ್ತೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅಕ್ಕ ಅಡಿಗೆಮನೆಯಿಂದ ಕರೆದಳು. ಈರುಳ್ಳಿ ಹೆಚ್ಚುತ್ತಿದ್ದಳು. ಲ್ಯಾಬಿನ ಸುದ್ದಿ ಅಷ್ಟೊತ್ತಿಗೆ ಅವಳ ಕಿವಿಗೂ ಬಿದ್ದಿತ್ತು.

"ನಾನೂ ಅಪ್ಪನ ಮಗಳs ಅಲ್ಲೇನೋ? ನನಗೂ ಹಂಗs ಆಗತಿತ್ತು."

ನಾನು ನಂಬಲಿಲ್ಲ. ನೆರೆಹೊರೆಯಲ್ಲಿ ಯಾರಿಗೆ ಏನು ಗಾಯವಾದರೂ ಮೊದಲು ನೆರವಿಗೆ ಓಡುವವಳು ಅಕ್ಕ.

"ನಿನ್ನ ಗದ್ದ ಸೀಳಿತ್ತಲ್ಲ, ಅದರ ಪಟ್ಟಿ ದಿನಾ ಬಿಚ್ಚಿ ತೊಳದು ಕಟ್ಟಬೇಕಿತ್ತು. ಅವ್ವ ಹೊಲದಾಗ. ಅಪ್ಪ ನೋಡಿದ್ರ ಬೀಳಾಂವ. ಉಳದಾಕಿ ನಾನೊಬ್ಬಾಕಿ. ಮೊದಲನೇ ದಿನ ಪಟ್ಟಿ ಬಿಚ್ಚಿದ ಕೂಡ್ಲೇ ಕಣ್ಣ ಕತ್ತಲಿ ಬಂತು. ನೆಲಕ್ಕ ಕೂತೆ. ನೀ ಒಂದs ಸವನ ಅಳಾಕತ್ತೀದಿ. ನಿನ್ನ ಹಂಗs ಬಿಟ್ಟು ಎಲ್ಲಿಗೆ ಓಡ್ಲಿ? ಹಲ್ಲ ಕಚ್ಚಿ, ಕಾಲಿನ ಬೆರಳ ನೆಲಕ್ಕ ಒತ್ತಿ, ಮೈ ಎಲ್ಲಾ ಗಟ್ಟಿ ಮಾಡಿ ಕಟ್ಟಿದೆ. ಎರಡನೇ ದಿನಾನೂ ಹಂಗs. ಎಂಟ್ಹತ್ತ ದಿನಕ್ಕ ಏನೂ ಆಗಲಿಲ್ಲ ನೋಡು."

ಅಕ್ಕನಿಗೆ ಆಗ ಹದಿನಾರು. ಯಾವ ಮ್ಯಾಡಮ್ಮೂ ಹೇಳಿಕೊಟ್ಟಿರಲಿಲ್ಲ. ಒಂದೇ ಅಪ್ಪನ ಮಕ್ಕಳು, ಒಂದೇ ಗಾಯ. ನಾನು ಆ ಗಾಯದಿಂದ ಓಡುವುದನ್ನು ಕಲಿತೆ, ಅವಳು ನಿಲ್ಲುವುದನ್ನು ಕಲಿತಳು. ನನಗೆ ಓಡಲು ಜಾಗವಿತ್ತು, ಅವಳಿಗಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

"ಯಾಕ ಇಷ್ಟ ದಿನ ಹೇಳಲಿಲ್ಲ?"

"ನೀ ಎಂದ ಕೇಳೀದಿ?" ಎಂದು ಅಕ್ಕ ಈರುಳ್ಳಿಯ ಕಣ್ಣೀರು ಒರೆಸಿಕೊಂಡಳು.

ಬ್ಯಾಗಿನಿಂದ ಅಂಗಿಗಳನ್ನು ಹೊರತೆಗೆದೆ. ಮರುದಿನ ಮ್ಯಾಡಮ್ ಮುಂದೆ ಲ್ಯಾಬಿನ ಕಥೆ ಒಪ್ಪಿಸಿದಾಗ ಅವರಿಗೆ ಸ್ವಲ್ಪವೂ ಬೇಸರವಾಗಲಿಲ್ಲ. "ಬಿದ್ದದ್ದು ಸೋಲಲ್ಲ. ಬಿದ್ದ ಮೇಲೆ ಇಲ್ಲಿಗೆ ಬಂದಿರಲ್ಲ, ವಿಜಯಪುರಕ್ಕೆ ಹೋಗದೆ!" ಎಂದರು. ಬ್ಯಾಗಿನ ಸಂಗತಿ ನಾನು ಹೇಳಿರಲಿಲ್ಲ. ನನ್ನಂಥವರನ್ನು ಬಹಳ ನೋಡಿರಬೇಕು. ಮುಂದಿನ ವಾರ ಅವರೇ ನನ್ನ ಜೊತೆ ಒಂದು ದವಾಖಾನೆಗೆ ಬಂದು, ನನ್ನ ಪಕ್ಕದಲ್ಲಿ ಕುಳಿತು, ಮೊದಲು ತಮ್ಮ ಬೆರಳು ಚುಚ್ಚಿಸಿಕೊಂಡರು, ಆಮೇಲೆ ನನ್ನದು. ಅವತ್ತು ಬೀಳಲಿಲ್ಲ. ಎರಡು ದಿನ ಬಿಟ್ಟು ತೋಳಿನಿಂದ ಒಂದು ಸಣ್ಣ ನಳಿಕೆ ರಕ್ತ ಕೊಟ್ಟೆ. ಕಣ್ಣು ಮಂಜಾಯಿತು, ಆದರೂ ಬೀಳಲಿಲ್ಲ.

ಆಸ್ಪತ್ರೆ

ಅಕ್ಕನ ಆಪರೇಷನ್ ನಿಶ್ಚಯಿಸಿದ್ದಕ್ಕಿಂತ ಎರಡು ದಿನ ಮೊದಲೇ ಆಯಿತು. ನಾನು ರಕ್ತ ಕೊಡುವ ಮೊದಲೇ, ಆಸ್ಪತ್ರೆಯವರು ತಮ್ಮ ಬಳಿ ಇದ್ದ ಎರಡು ಬಾಟಲಿ ಅಕ್ಕನಿಗೆ ಏರಿಸಿದ್ದರು. ಎಲ್ಲ ಸುಸೂತ್ರವಾಗಿ ಮುಗಿಯಿತು. ಮೂರನೆಯ ದಿನ ಅಕ್ಕ ಎದ್ದು ಕುಳಿತು ಆಸ್ಪತ್ರೆಯ ಉಪ್ಪಿಟ್ಟಿನಲ್ಲಿ ತಪ್ಪು ಹುಡುಕುತ್ತಿದ್ದಳು.

"ಬಳಸಿದ ರಕ್ತಕ್ಕೆ ಬದಲಿ ಕೊಡುವವರಿದ್ದರೆ ಒಳ್ಳೇದು" ಎಂದು ನರ್ಸ್ ಹೇಳಿ ಹೋದರು.

"ನೀ ಬ್ಯಾಡ ಬಿಡೋ" ಎಂದಳು ಅಕ್ಕ. "ನಿಮ್ಮ ಭಾವನ ಕಾರ್ಖಾನಿ ಗೆಳ್ಯಾರು ಕೊಡ್ತಾರ. ನನಗೇನೂ ಆಗಿಲ್ಲ ನೋಡು, ಆರಾಮ ಇದ್ದೀನಿ."

ಅದು ನಿಜ. ಯಾರ ಜೀವವೂ ನನ್ನ ಬಾಟಲಿಗಾಗಿ ಕಾಯುತ್ತಿರಲಿಲ್ಲ. ಓಡಲು ಇಷ್ಟು ಮರ್ಯಾದೆಯ ದಾರಿ ನನಗೆ ಎಂದೂ ಸಿಕ್ಕಿರಲಿಲ್ಲ. ಸ್ವತಃ ಅಕ್ಕನೇ ಬಾಗಿಲು ತೆರೆದು ಕೊಟ್ಟಿದ್ದಳು. ಎದೆಯೊಳಗೆ ಆ ಹಳೆಯ 'ಹಾಯ್' ಏಳುವುದು ನನಗೇ ತಿಳಿಯಿತು. ತಿಳಿದದ್ದರಿಂದಲೇ ಎದ್ದೆ.

"ಚಹಾ ಕುಡದು ಬರ್ತೀನಿ" ಎಂದೆ.

ರಕ್ತನಿಧಿ

ಅದೇ ಸ್ಪಿರಿಟ್ಟಿನ ವಾಸನೆ. ಬಾಗಿಲಲ್ಲೇ ನಿಂತು ತೊಡೆ ಬಿಗಿ ಹಿಡಿದೆ. ಹದಿನೈದು ಎಣಿಸಿದೆ, ಬಿಟ್ಟೆ, ಮತ್ತೆ ಹಿಡಿದೆ. ಒಳಗಿನ ನೋಟ ನಾನು ಕಲ್ಪಿಸಿಕೊಂಡಿದ್ದ ಹಾಗಿರಲಿಲ್ಲ. ಆಫೀಸಿಗೆ ಹೋಗುವ ದಾರಿಯಲ್ಲಿ ಬಂದವರು, ಹೆಲ್ಮೆಟ್ಟು ಪಕ್ಕಕ್ಕಿಟ್ಟು ಮಲಗಿ, ಮುಷ್ಟಿ ಹಿಚುಕುತ್ತ ಫೋನಿನಲ್ಲಿ ಮಾತಾಡುತ್ತಿದ್ದರು. ಒಬ್ಬ ಹೆಂಗಸು ತನ್ನ ಹುಟ್ಟುಹಬ್ಬಕ್ಕೆಂದು ಬಂದಿದ್ದಳು, ಎಲ್ಲರಿಗೂ ಪೇಢೆ ಹಂಚುತ್ತಿದ್ದಳು. ಮೂರು ವರ್ಷದ ಹಿಂದೆ ನನ್ನ ಅಕ್ಕನನ್ನು ಉಳಿಸಿದವರು ಇಂಥವರೇ ಇರಬೇಕು. ಅವರ ಮುಖ ನಾನು ನೋಡಿರಲಿಲ್ಲ.

ಅಲ್ಲಿನ ಡಾಕ್ಟರ್ ಕೇಳಿದರು: ಹಿಂದೆ ಯಾವಾಗಲಾದರೂ ತಲೆ ತಿರುಗಿ ಬಿದ್ದಿದ್ದೀರಾ? ಈ ಸಲ ಸುಳ್ಳು ಹೇಳಲಿಲ್ಲ. ಎಲ್ಲವನ್ನೂ ಹೇಳಿದೆ. ಅವರು ಬಿಪಿ ನೋಡಿದರು, ನೀರು ಕುಡಿಸಿದರು, ಚೆನ್ನಾಗಿ ತಿಂದಿದ್ದೇನೆಯೇ ಎಂದು ವಿಚಾರಿಸಿ ಮಲಗಿಸಿದರು.

"ನನ್ನ ಅಕ್ಕನಿಗೇ ಹೋಗುತ್ತಾ ಇದು?"

"ಇಲ್ಲ. ಅವರಿಗೆ ಬೇರೆ ಯಾರದ್ದೋ ಹೋಯಿತು. ಇದು ಬೇರೆ ಯಾರಿಗೋ."

ಸೂಜಿ ಹೋಗುವಾಗ ನೋಡಿದೆ. ನಳಿಕೆಯಲ್ಲಿ ಇಳಿದ ರಕ್ತ ನನ್ನ ಕಲ್ಪನೆಯ ಕಡು ಕೆಂಪಾಗಿರಲಿಲ್ಲ, ಹಣ್ಣಾದ ನೇರಳೆಯ ರಸದ ಹಾಗೆ ಕಪ್ಪಗಿತ್ತು. ಕಿವಿಯೊಳಗೆ ಗುಂಯ್ ಎಂದಿತು. ಎರಡೂ ಕಾಲು ಬಿಗಿದೆ. ಗುಂಯ್ ಎಂಬುದು ದೂರ ಹೋಯಿತು, ಮತ್ತೆ ಬಂತು, ಮತ್ತೆ ಬಿಗಿದೆ. ಚೀಲ ತುಂಬಿತು ಎಂದು ಅವರು ಹೇಳಿದಾಗ ನಾನಿನ್ನೂ ಎಚ್ಚರವಾಗಿದ್ದೆ.

ಪಕ್ಕದ ಮಂಚಕ್ಕೆ ಒಬ್ಬ ಭಾರಿ ಆಳು ಬಂದ. ಭೋಸರಿಯ ಕಾರ್ಖಾನೆಯಲ್ಲಿ ಲೇಥ್ ನಡೆಸುವವನು. ಮುಂಗೈ ನನ್ನ ಮೀನಖಂಡದಷ್ಟು ದಪ್ಪ. ಜೊತೆಗೆ ಬಂದ ಗೆಳೆಯರು ಹೊರಗೆ ನಗುತ್ತಿದ್ದರು. ಸೂಜಿ ಇನ್ನೂ ಹತ್ತಿರ ಬಂದಿರಲಿಲ್ಲ, ಅವನ ಮುಖ ಬೂದಿಯಾಯಿತು, ಹಣೆಯಲ್ಲಿ ಬೆವರು ಮೂಡಿತು. "ಗರಗರತಂಯ" ಎಂದು ಗೊಣಗಿದ. ತಲೆ ತಿರುಗುತ್ತಿದೆ ಎಂದು. ಆ ಬೆವರು ನನಗೆ ಪರಿಚಿತ.

ಮರಾಠಿಯಲ್ಲಿ ಬಿಗಿ ಎನ್ನುವುದಕ್ಕೆ ಏನೆನ್ನುತ್ತಾರೆ? ನಮ್ಮ ಗಟ್ಟಿ ಅವರಲ್ಲಿ ಘಟ್ಟ ಎಂದು ಬಸ್ಸಿನ ಕಂಡಕ್ಟರಿನ ಬಾಯಲ್ಲಿ ಕೇಳಿದ್ದೆ. "ದಾದಾ, ಪಾಯ್ ಘಟ್ಟ! ಪೋಟ್ ಘಟ್ಟ! ಅಸಂ!" ಎಂದು ಮಲಗಿದಲ್ಲೇ ನನ್ನ ಕಾಲು, ಹೊಟ್ಟೆ ಬಿಗಿದು ತೋರಿಸಿದೆ. ಅವನು ನನ್ನನ್ನೇ ದಿಟ್ಟಿಸುತ್ತ ಬಿಗಿದ. ಇಬ್ಬರೂ ಮುಖ ಕೆಂಪಗೆ ಮಾಡಿಕೊಂಡು ಎಣಿಸಿದೆವು, ನಾನು ಕನ್ನಡದಲ್ಲಿ, ಅವನು ಮರಾಠಿಯಲ್ಲಿ. ಸ್ವಲ್ಪ ಹೊತ್ತಿಗೆ ಅವನ ತುಟಿಗೆ ಬಣ್ಣ ಮರಳಿತು. ಡಾಕ್ಟರ್ ಮತ್ತೆ ಬಿಪಿ ನೋಡಿ, ಕೇಳಿದರು, ಕೊಡುತ್ತೀಯಾ, ಬಿಡುತ್ತೀಯಾ? ಅವನು ನನ್ನತ್ತ ತಿರುಗಿ ನೋಡಿ ಕೈ ಚಾಚಿದ.

ಆಮೇಲೆ ಚಹಾ, ಬಿಸ್ಕತ್ತು. "ಡಾಕ್ಟರ್ ಕಾ ತುಮ್ಹಿ?" ಎಂದು ಅವನು ಕೇಳಿದ. "ನಾಹೀ, ಭೂಗೋಳ" ಎಂದೆ. ಅವನಿಗೆ ಏನು ಅರ್ಥವಾಯಿತೋ, ನನ್ನ ಬೆನ್ನು ತಟ್ಟಿದ. ಆಮೇಲೆ ಗೋಡೆಯ ಕಡೆ ತಿರುಗಿ ಹೆಂಡತಿಗೆ ಫೋನ್ ಮಾಡಿದ. ಆಕೆ ಏನು ಕೇಳಿದಳೋ ನನಗೆ ಕೇಳಿಸಲಿಲ್ಲ. ಅವನ ಉತ್ತರ ಮಾತ್ರ ಕೇಳಿಸಿತು, ದನಿ ಮಗುವಿನ ಹಾಗಿತ್ತು: "ನಾಹೀ ಗ, ನಾಹೀ ಪಡಲೋ."

ನಾನೂ ಫೋನ್ ತೆಗೆದೆ. ಎರಡು ಮಹಡಿ ಮೇಲೆ ಅಕ್ಕ ಎತ್ತಿಕೊಂಡಳು. "ಎಲ್ಲಿ ಹೋದ್ಯೋ? ಚಹಾಕ್ಕ ಇಷ್ಟೊತ್ತೇನು?" ಎಂದಳು. ಹೇಳಬೇಕಾದದ್ದು ಬಹಳ ಇತ್ತು. ಹೇಳಿದ್ದು ಒಂದೇ ಮಾತು.

"ಬೀಳಲಿಲ್ಲ, ಅಕ್ಕಾ."